ಎಡಗಿವಿ ಕಾಣುವ ಭಾವಚಿತ್ರ

ಬಿಷ್ಕೆಕ್ಕಿನ ಪರವಾನಗಿ ಕಚೇರಿ, ಒಂಬತ್ತನೇ ಕಿಂಡಿ.
ಹತ್ತೊಂಬತ್ತು ಚಳಿಗಾಲ ಇದರ ಹಿಂದೆ ಕೂತವಳು ನಾನು, ಬುರುಲ್.
ಗಾಜಿಗೊಂದು ಬಿರುಕು; ಎದುರು ನಿಂತವರ ಮುಖ
ಹುಬ್ಬಿನ ಹತ್ತಿರ ಯಾವಾಗಲೂ ಎರಡು ಹೋಳು.

ಸೋಮವಾರ ಸಚಿವಾಲಯದಿಂದ ಆದೇಶ ಬಂತು:
ಹೊಸ ತಂತ್ರಜ್ಞಾನಕ್ಕೆ ದಾರಿ ಬಿಡಿ,
ನೂರ ಹನ್ನೆರಡು ನಿಯಮಗಳನ್ನು
ಶುಕ್ರವಾರದೊಳಗೆ ನಲವತ್ತಕ್ಕೆ ಇಳಿಸಿ.
ಜೊತೆಗೊಂದು ಕೆಂಪು ಪೆನ್ಸಿಲ್ಲು, ಮೊನೆಯಿಲ್ಲದ್ದು.
ಹೆರೆಯುವ ಯಂತ್ರ ಮೂರನೇ ಮಹಡಿಯ ಕಪಾಟಿನಲ್ಲಿದೆ,
ಬೀಗದ ಕೈಗೆ ಅರ್ಜಿ ಹಾಕಬೇಕು.
ಸೇಬು ಕೊಯ್ಯುವ ಚಾಕುವಿನಲ್ಲೇ ಹೆರೆದುಕೊಂಡೆ.

ಮೊದಲು ನೆನಪಾದವಳು ಸಾಲ್ಕಿನ್.
ಎರಡು ವರ್ಷದ ಹಿಂದೆ, ತಾನೇ ಬೆಸೆದ ಯಂತ್ರವನ್ನು
ಬೂಟಿನ ಡಬ್ಬದಲ್ಲಿಟ್ಟು
ತುಂಬಿದ ಮಿನಿಬಸ್ಸಿನಲ್ಲಿ ಎದೆಗವಚಿ ತಂದಿದ್ದಳು.
"ಹಿಮ ಜಾರುವ ಮೊದಲು ನರಳುತ್ತದೆ ಅಕ್ಕಾ,
ನಮ್ಮ ಕಿವಿಗೆ ಬೀಳದ ಹಾಗೆ.
ಇದಕ್ಕೆ ಕೇಳುತ್ತದೆ. ಕೇಳಿದ್ದೇ ತಡ,
ಕೆಳಗೆ ರಸ್ತೆಯ ಗೇಟಿಗೆ ಹೇಳುತ್ತದೆ.
ಒಂದು ಚೂರು ತರಂಗಾಂತರ ಕೊಡಿ, ಅಷ್ಟೆ."

ಅಷ್ಟೆ ಅನ್ನುವುದಕ್ಕೆ ನಮ್ಮಲ್ಲಿ ಇಪ್ಪತ್ತೇಳು ಕಾಗದ.
ಅಗ್ನಿಶಾಮಕ ದಳದ ಒಪ್ಪಿಗೆ,
ಹಿಮದಲ್ಲಿ ಹೂಳುವ ಡಬ್ಬಕ್ಕೆ!
ಜಾಗದ ಮಾಲೀಕರ ಸಹಿ.
"ಬೆಟ್ಟದ ಮಾಲೀಕರು ಯಾರು?" ಅಂದಳು.
"ಮುಂದಿನ ಕಿಂಡಿ" ಅಂದೆ.
ಎಡಗಿವಿ ಪೂರ್ತಿ ಕಾಣುವ ಭಾವಚಿತ್ರ, ಆರು ಪ್ರತಿ.
ಅವಳ ಫೋಟೊದಲ್ಲಿ ಕಿವಿಯ ಮೇಲೆ ಕೂದಲು ಬಿದ್ದಿತ್ತು.
ವಾಪಸು ಕಳಿಸಿದವಳು ನಾನೇ.

ಆ ಚಳಿಗಾಲ ಹಿಮ ಜಾರಿತು.
ಕಲ್ಲಿದ್ದಲು ತುಂಬಿದ ಒಂದು ಲಾರಿ.
ಡ್ರೈವರು ಉಳಿದನಂತೆ, ನಾಲ್ಕು ಬೆರಳು ಉಳಿಯಲಿಲ್ಲವಂತೆ.
ಸಾಲ್ಕಿನ್ ಅಲ್ಮಾಟಿಗೆ ಹೋದಳೆಂದು
ಕ್ಯಾಂಟೀನಿನಲ್ಲಿ ಯಾರೋ ಅಂದರು,
ಸಮ್ಸಾ ಆರುವಷ್ಟು ಹೊತ್ತು ಮಾತಾಡಿ ಮರೆತರು.

ಮೂವತ್ತೊಂದನೇ ನಿಯಮ: ಎಡಗಿವಿ.
ಬರೆದವರು ಶಾರ್ಶೆನ್, ನಿವೃತ್ತರು,
ಈಗ ಊರಾಚೆ ಕೋಳಿ ಸಾಕಿಕೊಂಡಿದ್ದಾರೆ.
ಫೋನು ಮಾಡಿ ಕೇಳಿದೆ, ಯಾಕೆ ಎಡಗಿವಿಯೇ?
ಕೆಮ್ಮು ಬರುವವರೆಗೆ ನಕ್ಕರು.
"ನನ್ನ ಷಡ್ಡಕನ ಫೋಟೊ ಅಂಗಡಿ ಕಚೇರಿಯ ಎದುರಿಗಿತ್ತು.
ಅವನ ಹತ್ತಿರ ಇದ್ದದ್ದೇ ಒಂದು ದೀಪ, ಎಡಕ್ಕೆ."

ಗೀಟು ಎಳೆದೆ. ಕಾಗದ ಹರಿಯಿತು.

ಆಮೇಲೆ ಕೈ ಸರಾಗವಾಯಿತು.
ಹದಿನಾಲ್ಕು, ಹದಿನೈದು, ಇಪ್ಪತ್ತೆರಡು,
ಮುದ್ರೆಯ ಮೇಲೊಂದು ಮುದ್ರೆ, ಹೋಯಿತು,
ಈಗ ಇಲ್ಲದ ಇಲಾಖೆಯ ಅನುಮತಿ, ಹೋಯಿತು.
ಕೂತು ಬೆಳೆಸಿದ್ದನ್ನು ಕಳೆ ಕೀಳುವಾಗ
ಇಷ್ಟು ಖುಷಿಯಾಗಬಾರದು, ಆಯಿತು.
ಐವತ್ತೆಂಟು: ಬ್ಯಾಟರಿಯನ್ನು ಹೊರಗಿನವರು
ಹನ್ನೆರಡು ದಿನ ಪರೀಕ್ಷಿಸತಕ್ಕದ್ದು.
ಇದೂ ಯಾವ ಭಾವನ ಅಂಗಡಿಯೋ ಎಂದು
ನಗುತ್ತಲೇ ಓದಿ ಹೇಳಿದೆ.

ಆ ಕಡೆ ಕೋಳಿಗಳ ಸದ್ದು ಮಾತ್ರ.
"ಅದನ್ನು ಮುಟ್ಟಬೇಡ, ಬುರುಲ್.
ಬೆಟ್ಟದ ಮೇಲಿನ ಶಾಲೆ. ಹೊಸ ನಮೂನೆಯ ಹೀಟರು.
ನಾನು ಹೋಗುವಾಗ ಬೆಳಿಗ್ಗೆಯಾಗಿತ್ತು.
ಬಾಗಿಲ ಹೊರಗೆ ಏಳು ಜೊತೆ ಬೂಟು,
ಸಾಲಾಗಿ, ಮೇಷ್ಟರು ಹೇಳಿಕೊಟ್ಟ ಹಾಗೆ.
ನಿಯಮ ಬರೆಯುವಾಗ ಅದನ್ನೆಲ್ಲ ಹಾಕುವಂತಿಲ್ಲ.
ಪರೀಕ್ಷಿಸತಕ್ಕದ್ದು ಅಂತಷ್ಟೇ ಹಾಕಿದೆ."

ಹೊರಗೆ ಕಲ್ಲಿದ್ದಲ ಹೊಗೆ ಪಾಪ್ಲರ್ ಮರಗಳ ಸೊಂಟಕ್ಕೆ ಬಂದಿತ್ತು.
ಪೆನ್ಸಿಲ್ಲು ಕೆಳಗಿಟ್ಟೆ.
ಅಳಿಸಿದ್ದನ್ನೆಲ್ಲ ಮತ್ತೆ ಮೊದಲಿಂದ ಓದಿದೆ,
ಈ ಸಲ ಒಂದೊಂದಕ್ಕೂ ಫೋನು ಮಾಡಿ.
ಕೆಲವರು ಸತ್ತಿದ್ದರು. ಕೆಲವರಿಗೆ ಮರೆತಿತ್ತು.
ಐವತ್ತೆಂಟನ್ನು ಉಳಿಸಿದೆ,
ಹನ್ನೆರಡು ದಿನವನ್ನು ಮೂರು ಮಾಡಿದೆ;
ಗೊಣಗುವುದಾದರೆ ಪರೀಕ್ಷಕರು ಗೊಣಗಲಿ.

ಶುಕ್ರವಾರಕ್ಕೆ ನಲವತ್ತಮೂರು.
ಮೂರು ಯಾಕೆ ಹೆಚ್ಚಾಯಿತು ಎಂದು ಸಚಿವಾಲಯ ಕೇಳಿದೆ,
ಉತ್ತರಿಸಲು ಒಂದು ನಮೂನೆ ಕಳಿಸಿದೆ.

ಅದನ್ನು ಪಕ್ಕಕ್ಕಿಟ್ಟು ಹಳೆಯ ಕಡತ ತೆಗೆದೆ.
ಸಾಲ್ಕಿನ್, ಆರು ಪ್ರತಿ,
ಗಾಳಿಗೆ ಹಾರಿದ ಕೂದಲು, ನಗದ ಬಾಯಿ,
ಮೂಲೆಯಲ್ಲಿ ನನ್ನದೇ ಕೈಬರಹ: ತಿರಸ್ಕೃತ.
ಹಿಂಬದಿಗೆ ದೂರವಾಣಿ ಸಂಖ್ಯೆ.

ಗಂಟೆ ಬಾರಿಸುತ್ತಿದೆ.
ಎಲ್ಲಿಯೋ, ಯಾರ ಜೇಬಿನಲ್ಲೋ.
ಕೂದಲನ್ನು ಹಿಂದೆ ಸರಿಸಿ
ಎಡಗಿವಿಗೆ ಒತ್ತಿ ಹಿಡಿದಿದ್ದೇನೆ.